ಗಾಲಿ ಕಾಣುತ್ತಿದೆಯೇ? ಲೋಕೋ ಶೆಡ್ಡಿನಲ್ಲಿ ಗೂಡ್ಸ್ ಡೀಸೆಲ್ ಎಂಜಿನ್ನುಗಳ ಫೋಟೊ ತೆಗೆಯುವ ಸಮಗ್ರ ಮಾರ್ಗದರ್ಶಿ

ಓಡುವ ರೈಲಿನ ಫೋಟೊ ತೆಗೆಯುವವರಿಗೆ ಸಿಗುವುದು ಕೆಲವೇ ಸೆಕೆಂಡು. ಎಂಜಿನ್ನುಗಳನ್ನು ತಪಾಸಣೆಗೆ, ದುರಸ್ತಿಗೆ ನಿಲ್ಲಿಸುವ ಶೆಡ್ಡಿನಲ್ಲಾದರೆ ಎಂಜಿನ್ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಅಲುಗದೆ ನಿಂತಿರುತ್ತದೆ. ಆದ್ದರಿಂದ ಇದು ಸುಲಭವೆಂದು ನಂಬಿ ಹೋದವರು ತರುವ ಚಿತ್ರಗಳು ಬಹುಪಾಲು ಒಂದೇ ಅಚ್ಚಿನವು: ಮೇಲೆ ಹೊಳೆಯುವ ಬಣ್ಣ, ಕೆಳಗೆ ಉದ್ದಕ್ಕೂ ಒಂದು ಕಪ್ಪು ಪಟ್ಟಿ. ಗಾಲಿ, ಸ್ಪ್ರಿಂಗು, ಬ್ರೇಕ್ ಸಿಲಿಂಡರು, ಹಳಿಯ ಮೇಲೆ ಮರಳು ಸುರಿಯುವ ಕೊಳವೆ ಎಲ್ಲವೂ ಆ ಕಪ್ಪಿನಲ್ಲೇ ಮುಳುಗಿರುತ್ತವೆ. ನನ್ನ ಮೊದಲ ಎರಡು ವರ್ಷಗಳ ಚಿತ್ರಗಳೂ ಹಾಗೆಯೇ ಇವೆ. ಈಗ ಕ್ಯಾಮೆರಾ ಎತ್ತುವ ಮೊದಲು ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಗಾಲಿ ಕಾಣುತ್ತಿದೆಯೇ?

ಒಂದು ಪದದ ಗೊಂದಲವನ್ನು ಮೊದಲೇ ಬಿಡಿಸಿಬಿಡುತ್ತೇನೆ. ನಮ್ಮ ಮಾತಿನಲ್ಲಿ ‘ಬೋಗಿ’ ಎಂದರೆ ಪ್ರಯಾಣಿಕರು ಕೂರುವ ಡಬ್ಬಿ. ಶೆಡ್ಡಿನವರು ಬೋಗಿ ಎನ್ನುವುದು ಗಾಲಿ, ಅಚ್ಚು, ಮೋಟಾರುಗಳನ್ನು ಹೊತ್ತ ಉಕ್ಕಿನ ಚೌಕಟ್ಟಿಗೆ. ಎಂಜಿನ್ನಿನ ಮೈ ಕೂತಿರುವುದು ಇಂಥ ಎರಡು ಬೋಗಿಗಳ ಮೇಲೆ. ಈ ಬರಹದಲ್ಲಿ ಬೋಗಿ ಎಂದಲ್ಲೆಲ್ಲ ಅದೇ ಅರ್ಥ.

ಅನುಮತಿ, ಮೊದಲು ಮತ್ತು ಬರಹದಲ್ಲಿ

ಶೆಡ್ಡು ಸಾರ್ವಜನಿಕ ಜಾಗವಲ್ಲ. ಬೇಲಿ ಹಾರಿ ತೆಗೆದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದು ಅತಿಕ್ರಮಣದ ದಾಖಲೆ. ಶೆಡ್ಡಿನ ಮುಖ್ಯಸ್ಥರಿಗೋ ರೈಲ್ವೆಯ ಸಾರ್ವಜನಿಕ ಸಂಪರ್ಕ ವಿಭಾಗಕ್ಕೋ ಪತ್ರ ಬರೆಯಿರಿ. ಯಾವ ದಿನ, ಎಷ್ಟು ಹೊತ್ತು, ಎಷ್ಟು ಜನ, ಯಾವ ಸಲಕರಣೆ, ಚಿತ್ರಗಳನ್ನು ಎಲ್ಲಿ ಬಳಸುತ್ತೀರಿ ಎಂಬುದನ್ನೆಲ್ಲ ತಿಳಿಸಿ. ಟ್ರೈಪಾಡ್, ಫ್ಲಾಶ್, ಡ್ರೋನ್‌ಗಳಿಗೆ ಬೇರೆಯಾಗಿಯೇ ಒಪ್ಪಿಗೆ ಕೇಳಬೇಕು. ಡ್ರೋನ್ ಸಿಗಲಿಲ್ಲವೆಂದು ಬೇಸರ ಬೇಡ; ಮೇಲಿನಿಂದ ನೋಡಿದರೆ ಗಾಲಿ ಹೇಗೂ ಕಾಣುವುದಿಲ್ಲ.

ಪತ್ರದಲ್ಲಿ ಒಂದು ಸಾಲು ಮರೆಯದೆ ಸೇರಿಸಿ: ‘ನಿಮ್ಮ ಸಿಬ್ಬಂದಿಯೊಬ್ಬರು ಜೊತೆಗಿದ್ದರೆ ಅನುಕೂಲ.’ ಕಾವಲಿಗೊಬ್ಬರು ಬೇಕೆಂದಲ್ಲ. ಯಾವ ಹಳಿಗೆ ಯಾವ ಎಂಜಿನ್ ಬರುತ್ತದೆ, ಯಾವುದನ್ನು ಮಧ್ಯಾಹ್ನ ಹೊರಗೆ ಎಳೆಯುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ, ನಿಮಗೆ ಗೊತ್ತಿರುವುದಿಲ್ಲ. ನನಗೆ ಸಿಕ್ಕ ಒಳ್ಳೆಯ ಚಿತ್ರಗಳಲ್ಲಿ ಅರ್ಧದಷ್ಟು ‘ಇನ್ನರ್ಧ ಗಂಟೆ ಕಾಯಿರಿ, ಅದನ್ನು ಹೊರಗೆ ತರುತ್ತೇವೆ’ ಎಂದ ಯಾರೋ ಫಿಟ್ಟರ್‌ನ ದಯೆ.

ಕಣ್ಣು ಕ್ಯಾಮೆರಾದಲ್ಲಿದ್ದಾಗ ಕಾಲು ನಿಂತಿರಬೇಕು

ಶೆಡ್ಡಿನ ದೊಡ್ಡ ಅಪಾಯ ಓಡಿಬರುವ ರೈಲಲ್ಲ, ತಪಾಸಣೆಯ ಪಿಟ್. ಎಂಜಿನ್ನಿನ ಅಡಿಭಾಗ ನೋಡಲು ಹಳಿಗಳ ನಡುವೆ ಆಳಕ್ಕೆ ತೋಡಿದ ಕಾಂಕ್ರೀಟ್ ಕಾಲುವೆ ಅದು. ಎಂಜಿನ್ ಪೂರ್ತಿ ಚೌಕಟ್ಟಿನೊಳಗೆ ಬರಲೆಂದು ವ್ಯೂಫೈಂಡರ್‌ಗೆ ಕಣ್ಣಿಟ್ಟು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದ ನನ್ನನ್ನು ಒಮ್ಮೆ ಹಿಂದಿನಿಂದ ಒಂದು ಕೈ ಕಾಲರ್ ಹಿಡಿದು ನಿಲ್ಲಿಸಿತು. ತಿರುಗಿ ನೋಡಿದರೆ ಒಂದೇ ಗೇಣಿನಾಚೆ ಖಾಲಿ ಪಿಟ್. ಅಂದಿನಿಂದ ಕಣ್ಣು ಕ್ಯಾಮೆರಾದಲ್ಲಿದ್ದರೆ ಕಾಲು ನೆಲಕ್ಕೆ ನೆಟ್ಟಿರುತ್ತದೆ. ಜಾಗ ಬದಲಿಸಬೇಕಾದರೆ ಕ್ಯಾಮೆರಾ ಇಳಿಸಿ, ತಿರುಗಿ, ನಡೆದು, ನಿಂತು, ಮತ್ತೆ ಎತ್ತುವುದು.

ಉಳಿದ ನಿಯಮಗಳನ್ನು ಶೆಡ್ಡಿನವರೇ ಹೇಳುತ್ತಾರೆ. ಅವರ ಮಾತೇ ಕೊನೆಯದು. ಆದರೂ ಇವಿಷ್ಟು ರೂಢಿಯಲ್ಲಿರಲಿ. ಹಳಿಯ ತಲೆಯ ಮೇಲೆ ಕಾಲಿಡಬೇಡಿ, ದಾಟಿ ಹೆಜ್ಜೆ ಹಾಕಿ. ಎಣ್ಣೆ ಬಿದ್ದ ಉಕ್ಕು ಜಾರುತ್ತದೆ. ಹಳಿ ಕವಲೊಡೆಯುವ ಪಾಯಿಂಟ್‌ಗಳ ಬಳಿ ನಿಲ್ಲಬೇಡಿ. ದೂರದಿಂದ ನಿಯಂತ್ರಿಸುವ ಪಾಯಿಂಟ್ ಮುನ್ಸೂಚನೆಯಿಲ್ಲದೆ ಸರಿದು ಪಾದವನ್ನು ಹಿಡಿಯಬಲ್ಲದು. ನಿಂತ ಎರಡು ಎಂಜಿನ್ನುಗಳ ನಡುವಿನ ಕಿರಿದಾದ ಸಂದಿಯಲ್ಲಿ ಎಂದೂ ನುಸುಳಬೇಡಿ. ಶಂಟಿಂಗ್‌ನಲ್ಲಿ, ಅಂದರೆ ಒಂದು ಹಳಿಯಿಂದ ಇನ್ನೊಂದಕ್ಕೆ ಸರಿಸುವಾಗ, ತಳ್ಳಲ್ಪಟ್ಟ ಎಂಜಿನ್ ಸದ್ದಿಲ್ಲದೆ ಬರುತ್ತದೆ. ಎಂಜಿನ್ನಿನ ಮೈ ಹಳಿಗಿಂತ ಎರಡೂ ಬದಿಗೆ ಸುಮಾರು ಒಂದು ಮೀಟರಿನಷ್ಟು ಹೊರಚಾಚಿರುತ್ತದೆ ಎಂಬುದನ್ನು ಟ್ರೈಪಾಡ್ ಊರುವಾಗ ನೆನಪಿಡಿ. ಅಮೆರಿಕದ ಯಾರ್ಡುಗಳಲ್ಲಿ ನೀಲಿ ಬಾವುಟ ಅಥವಾ ನೀಲಿ ದೀಪ ಕಂಡರೆ ಅಲ್ಲಿ ಜನ ಕೆಲಸ ಮಾಡುತ್ತಿದ್ದಾರೆ, ಆ ಎಂಜಿನ್ ಅಲುಗಿಸಬಾರದು ಎಂದರ್ಥ. ಇಟ್ಟ ಗುಂಪಿನವರೇ ಅದನ್ನು ತೆಗೆಯಬೇಕು. ಚಿತ್ರಕ್ಕೆ ಅಡ್ಡ ಬಂದಿತೆಂದು ಅದನ್ನು ಪಕ್ಕಕ್ಕಿಡುವ ಯೋಚನೆಯೂ ಸುಳಿಯಬಾರದು. ಮೇಲೆ ವಿದ್ಯುತ್ ತಂತಿಯಿದ್ದರೆ ಎತ್ತರದ ಕೋಲಿಗೆ ಕ್ಯಾಮೆರಾ ಕಟ್ಟುವ ಸಾಹಸ ಬೇಡ. 25 ಕಿಲೋವೋಲ್ಟ್ ತಂತಿ ಮುಟ್ಟಿದರೆ ಮಾತ್ರವಲ್ಲ, ಹತ್ತಿರ ಹೋದರೂ ಹೊಡೆಯುತ್ತದೆ.

ಹೆಲ್ಮೆಟ್, ಗಟ್ಟಿ ಶೂ, ಹೊಳೆಯುವ ಜಾಕೆಟ್ ಬೇಕು. ಜಾಕೆಟ್ಟಿನ ಬಣ್ಣವನ್ನು ಮೊದಲೇ ಕೇಳಿಕೊಳ್ಳಿ. ಕೆಂಪು ಬಟ್ಟೆಯನ್ನು ಅಪಾಯದ ಸೂಚನೆಯೆಂದು ಯಾರಾದರೂ ತಿಳಿದರೆ ನಿಮ್ಮಿಂದಾಗಿ ಒಂದು ಎಂಜಿನ್ ನಿಂತೀತು. ಕಿವಿಗೆ ಮುಚ್ಚಳ ಏಕೆ ಬೇಕೆಂಬುದು ಲೋಡ್ ಟೆಸ್ಟಿನ ಮಾತು ಬಂದಾಗ ತಿಳಿಯುತ್ತದೆ.

ಎದುರಿಗಿರುವುದು ಯಾವ ಎಂಜಿನ್?

ಇಷ್ಟು ತಿಳಿಯದಿದ್ದರೂ ಫೋಟೊ ತೆಗೆಯಬಹುದು. ಆದರೆ ತಿಳಿದರೆ ಯಾವ ಕಡೆಯಿಂದ ತೆಗೆಯಬೇಕೆಂಬುದು ತಾನಾಗಿ ಹೊಳೆಯುತ್ತದೆ. ಡೀಸೆಲ್-ಎಲೆಕ್ಟ್ರಿಕ್ ಎಂಜಿನ್ನಿನಲ್ಲಿ ಡೀಸೆಲ್ ಯಂತ್ರ ಗಾಲಿಯನ್ನು ನೇರವಾಗಿ ತಿರುಗಿಸುವುದಿಲ್ಲ. ಅದು ವಿದ್ಯುತ್ ಉತ್ಪಾದಿಸುತ್ತದೆ, ಆ ವಿದ್ಯುತ್ತು ಬೋಗಿಯಲ್ಲಿರುವ ಟ್ರಾಕ್ಷನ್ ಮೋಟಾರುಗಳನ್ನು ತಿರುಗಿಸುತ್ತದೆ. ಅಂದರೆ ಎಳೆಯುವ ಕೆಲಸ ನಡೆಯುವುದು ನಮ್ಮ ಚಿತ್ರಗಳಲ್ಲಿ ಕಪ್ಪಾಗಿಬಿಡುವ ಆ ಕೆಳಭಾಗದಲ್ಲೇ.

ಅಮೆರಿಕದ ಇಎಂಡಿ ಕಂಪನಿಯ ಎಸ್‌ಡಿ40-2 ಎಂಜಿನ್ 1972ರಲ್ಲಿ ಬಂದದ್ದು. 3000 ಅಶ್ವಶಕ್ತಿ, 16 ಸಿಲಿಂಡರಿನ 645 ಸರಣಿಯ ಎರಡು-ಸ್ಟ್ರೋಕ್ ಯಂತ್ರ. 645 ಎಂಬುದು ಒಂದು ಸಿಲಿಂಡರಿನ ಗಾತ್ರ, ಘನ ಇಂಚುಗಳಲ್ಲಿ; ಸುಮಾರು ಹತ್ತೂವರೆ ಲೀಟರ್. ಬಾನೆಟ್ಟಿನ ಹಿಂಭಾಗದ ಮಾಡಿನ ಮೇಲೆ ಸಾಲಾಗಿ ಮೂರು ರೇಡಿಯೇಟರ್ ಫ್ಯಾನುಗಳಿರುತ್ತವೆ. ಅವು ಕಾಣಬೇಕಾದರೆ ಸೇತುವೆಯ ಮೇಲಿಂದಲೋ ಶೆಡ್ಡಿನ ಮಹಡಿಯಿಂದಲೋ ತೆಗೆಯಬೇಕು. ಅಲ್ಲಿನದೇ ಜಿಇ ಕಂಪನಿಯ ಇಎಸ್44ಎಸಿ 12 ಸಿಲಿಂಡರಿನಿಂದಲೇ 4400 ಅಶ್ವಶಕ್ತಿ ಕೊಡುತ್ತದೆ. ಅದರ ಹಿಂದುಗಡೆ ರೇಡಿಯೇಟರ್ ರೆಕ್ಕೆಗಳಂತೆ ಎರಡೂ ಬದಿಗೆ ಹೊರಚಾಚಿರುತ್ತದೆ. ಅದನ್ನು ಮುಂದಿನಿಂದ ಮಾತ್ರ ತೆಗೆದು ಬಂದರೆ ಅರ್ಧ ಎಂಜಿನ್ ಬಿಟ್ಟುಬಂದಂತೆ. ಭಾರತದ ಡಬ್ಲ್ಯೂಡಿಜಿ-3ಎ ಅಮೆರಿಕದ ಆಲ್ಕೋ ಕಂಪನಿ ರೂಪಿಸಿದ 251 ಯಂತ್ರದ್ದು, ಡಬ್ಲ್ಯೂಡಿಜಿ-4 ಇಎಂಡಿಯ 710 ಸರಣಿಯದು. ಎರಡನ್ನೂ ಒಂದೇ ಶೆಡ್ಡಿನಲ್ಲಿ ಕಂಡರೆ ಹೊಗೆ ಬೇರೆ, ಸದ್ದು ಬೇರೆ, ಚಿತ್ರ ತೆಗೆಯುವ ಕ್ಷಣವೂ ಬೇರೆ.

ಬೆಳಕು: ನಿಮ್ಮ ನೆರಳನ್ನು ಅಳೆಯಿರಿ

ಬೋಗಿಯ ಮೇಲೆ ಚಾಚಿಕೊಂಡಿರುವುದು ಎಂಜಿನ್ನಿನ ನಡೆದಾರಿ, ಅಂದರೆ ಮೈಯ ಬದಿಯುದ್ದಕ್ಕೂ ಸಿಬ್ಬಂದಿ ಓಡಾಡುವ ಪಟ್ಟಿ. ಸೂರ್ಯ ಮೇಲೇರಿದಷ್ಟೂ ಅದರ ನೆರಳು ಗಾಲಿಗಳ ಮೇಲೆ ಇಳಿಯುತ್ತದೆ. ಆದ್ದರಿಂದ ಸೂರ್ಯ ತಗ್ಗಿನಲ್ಲಿರಬೇಕು. ಎಷ್ಟು ತಗ್ಗು ಎಂದು ತಿಳಿಯಲು ಯಾವ ಆ್ಯಪೂ ಬೇಡ. ನಿಮ್ಮ ನೆರಳು ನಿಮ್ಮ ಎತ್ತರದ ಎರಡರಷ್ಟಿದ್ದರೆ ಸೂರ್ಯ ಸುಮಾರು 27 ಡಿಗ್ರಿಯಲ್ಲಿದ್ದಾನೆ, ಒಳ್ಳೆಯ ಹೊತ್ತು. ನೆರಳು ನಿಮ್ಮಷ್ಟೇ ಇದ್ದರೆ 45 ಡಿಗ್ರಿ. ಇಡೀ ಎಂಜಿನ್ನಿನ ಚಿತ್ರವನ್ನು ಅಲ್ಲಿಗೆ ನಿಲ್ಲಿಸಿ ಶೆಡ್ಡಿನ ಒಳಗೆ ಹೋಗಿ. ಭೂಮಧ್ಯರೇಖೆಯ ಹತ್ತಿರ ಸೂರ್ಯ ಗಂಟೆಗೆ ಸುಮಾರು 15 ಡಿಗ್ರಿ ಏರುತ್ತಾನೆ, ಹಾಗಾಗಿ ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅಷ್ಟೇ. ಧ್ರುವಗಳ ಕಡೆಗೆ ಹೋದಂತೆ ಚಳಿಗಾಲದಲ್ಲಿ ದಿನವಿಡೀ ತಗ್ಗಿನ ಬೆಳಕೇ, ಅಲ್ಲಿನವರ ಅದೃಷ್ಟ.

ತಗ್ಗಿನ ಬೆಳಕಿಗೂ ಒಂದು ತೊಡಕಿದೆ. ಸುಮಾರು ನಾಲ್ಕೂವರೆ ಮೀಟರ್ ಎತ್ತರದ ಎಂಜಿನ್ನಿನ ನೆರಳು 27 ಡಿಗ್ರಿಯ ಬಿಸಿಲಿನಲ್ಲಿ ಒಂಬತ್ತು ಮೀಟರ್ ಚಾಚುತ್ತದೆ. ಶೆಡ್ಡಿನಲ್ಲಿ ಪಕ್ಕದ ಹಳಿ ಅದಕ್ಕಿಂತ ಹತ್ತಿರವೇ ಇರುವುದು ಸಾಮಾನ್ಯ. ಅಂದರೆ ನಿಮ್ಮ ಎಂಜಿನ್ನಿಗೂ ಸೂರ್ಯನಿಗೂ ನಡುವೆ ಇನ್ನೊಂದು ಎಂಜಿನ್ ನಿಂತಿದ್ದರೆ ಒಳ್ಳೆಯ ಬೆಳಕೇ ಕೆಟ್ಟ ನೆರಳಾಗುತ್ತದೆ. ಆದ್ದರಿಂದ ಒಳಗೆ ಕಾಲಿಟ್ಟ ಕೂಡಲೇ ಮಾಡಬೇಕಾದ ಕೆಲಸ ಕ್ಯಾಮೆರಾ ತೆಗೆಯುವುದಲ್ಲ. ಸೂರ್ಯನ ಕಡೆಯ ಅಂಚಿನ ಹಳಿಯಲ್ಲಿ ಯಾವುದಿದೆ, ಯಾವುದರ ಪಕ್ಕ ಖಾಲಿಯಿದೆ ಎಂದು ಒಂದು ಸುತ್ತು ನೋಡಿ, ಚೀಟಿಯಲ್ಲಿ ಬರೆದುಕೊಳ್ಳುವುದು.

ಹಳಿಗಳ ದಿಕ್ಕನ್ನೂ ನೋಡಿ. ಉತ್ತರ-ದಕ್ಷಿಣವಾಗಿ ಹಾಸಿದ್ದರೆ ಬೆಳಗ್ಗೆ ಪೂರ್ವದ ಮೈ, ಸಂಜೆ ಪಶ್ಚಿಮದ ಮೈ. ಪೂರ್ವ-ಪಶ್ಚಿಮವಾಗಿದ್ದರೆ ಬೆಳಗ್ಗೆ ಪೂರ್ವಕ್ಕೆ ಮುಖ ಮಾಡಿದವುಗಳ ಮುಖದ ಮೇಲೆ ಬೆಳಕು. ಉತ್ತರ ಗೋಳಾರ್ಧದಲ್ಲಿ ಬಹುತೇಕ ದಕ್ಷಿಣದ ಬದಿಗೆ ಬಿಸಿಲು. ಉಷ್ಣವಲಯದಲ್ಲಿ ವರ್ಷದ ಕೆಲವು ವಾರ ಮಧ್ಯಾಹ್ನದ ಸೂರ್ಯನೇ ಉತ್ತರಕ್ಕೆ ಸರಿಯುತ್ತಾನೆ, ಆಗ ಲೆಕ್ಕ ತಲೆಕೆಳಗು.

ಮೋಡದ ದಿನವನ್ನು ಹಳಿಯಬೇಡಿ. ನೆರಳಿಲ್ಲದ ಬೆಳಕು ಬೋಗಿಯ ಸಂದುಗೊಂದುಗಳಿಗೂ ನುಗ್ಗುತ್ತದೆ. ಬೆಳ್ಳಗೆ ಬಿಳಿಚಿಕೊಂಡ ಆಕಾಶವನ್ನು ಮಾತ್ರ ಚೌಕಟ್ಟಿನಿಂದ ಆದಷ್ಟು ಹೊರಗಿಡಿ. ಮಳೆ ನಿಂತ ಹತ್ತು ನಿಮಿಷ ಇನ್ನೂ ಚೆನ್ನ. ಒದ್ದೆ ಕಾಂಕ್ರೀಟು ಬೆಳಕನ್ನು ಕೆಳಗಿನಿಂದ ಮೇಲಕ್ಕೆ ಎರಚುತ್ತದೆ, ಗಾಲಿಗಳ ಒಳಮೈ ಕೂಡ ಕಾಣುತ್ತದೆ.

ನಿಲ್ಲುವ ಜಾಗ ಮತ್ತು ಲೆನ್ಸ್

ಎಂಜಿನ್ ಫೋಟೊಗ್ರಫಿಯ ಮೂಲಪಾಠ ಮುಕ್ಕಾಲು ನೋಟ: ಮುಖವೂ ಒಂದು ಬದಿಯೂ ಒಟ್ಟಿಗೆ ಕಾಣುವಂತೆ ಓರೆಯಾಗಿ ನಿಲ್ಲುವುದು. ಸೂರ್ಯ ನಿಮ್ಮ ಹೆಗಲ ಹಿಂದಿರಲಿ, ಎರಡೂ ಮೈಗಳ ಮೇಲೆ ಬೆಳಕು ಬೀಳಲಿ, ಬದಿಯ ಮೇಲೆ ಸ್ವಲ್ಪ ಹೆಚ್ಚು. ಮುಖ ಮತ್ತು ಬದಿ ಸಮಸಮ ಬೆಳಗಿದರೆ ನಡುವಿನ ಅಂಚು ಸತ್ತುಹೋಗಿ ಎಂಜಿನ್ ರಟ್ಟಿನ ಪೆಟ್ಟಿಗೆಯಂತೆ ಕಾಣುತ್ತದೆ.

ಎಷ್ಟು ದೂರ ನಿಲ್ಲಬೇಕು? ಆರು ಅಚ್ಚುಗಳ ದೊಡ್ಡ ಗೂಡ್ಸ್ ಎಂಜಿನ್ ಸುಮಾರು 20ರಿಂದ 22 ಮೀಟರ್ ಉದ್ದ. ಫುಲ್-ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ ಹಾಕಿ 22 ಮೀಟರಿನ ಬದಿಯನ್ನು ನೇರ ಎದುರಿನಿಂದ ತೆಗೆಯಲು 30 ಮೀಟರಿಗಿಂತ ತುಸು ಹೆಚ್ಚು ಹಿಂದೆ ನಿಲ್ಲಬೇಕು. ಓರೆಯಿಂದಾದರೆ ಕಡಿಮೆ ಸಾಕು. ಮೊಬೈಲಿನ ಮುಖ್ಯ ಕ್ಯಾಮೆರಾ ಸುಮಾರು 25 ಮಿ.ಮೀ.ಗೆ ಸಮ. ಅದರಲ್ಲಿ 15 ಮೀಟರಿನಿಂದಲೇ ಎಲ್ಲ ಹಿಡಿಸುತ್ತದೆ, ಆದರೆ ಓರೆನೋಟದಲ್ಲಿ ಮೂತಿ ಊದಿಕೊಂಡು ಹಿಂಭಾಗ ಬಾಲದಂತೆ ಸಣ್ಣದಾಗುತ್ತದೆ. ಹಿಂದೆ ಸರಿಯಲು ಜಾಗವಿದ್ದರೆ ಮೊಬೈಲಿನಲ್ಲೂ ಎರಡು ಪಟ್ಟು ಅಥವಾ ಮೂರು ಪಟ್ಟಿನ ಲೆನ್ಸನ್ನೇ ಬಳಸಿ. ಒಂದೇ ಲೆನ್ಸ್ ಒಯ್ಯಬಹುದೆಂದರೆ ನಾನು 24-105 ಒಯ್ಯುತ್ತೇನೆ. ಎರಡಾದರೆ ಜೊತೆಗೆ 70-200. ಅತಿ ಅಗಲದ ಲೆನ್ಸನ್ನು ಮನೆಯಲ್ಲೇ ಬಿಟ್ಟು ಬರುವುದು ಕಲಿತು ಬಹಳ ಕಾಲವಾಯಿತು.

ಕ್ಯಾಮೆರಾದ ಎತ್ತರವೂ ಮುಖ್ಯ. ಕಣ್ಣಿನ ಮಟ್ಟದಿಂದ ಸೊಂಟದ ಮಟ್ಟಕ್ಕೆ ಇಳಿಸಿ ನೋಡಿ: ನಡೆದಾರಿಯ ಅಡಿಯ ಭಾಗ ತೆರೆದುಕೊಳ್ಳುತ್ತದೆ. ಇನ್ನೂ ಕೆಳಗೆ ಕೂತರೆ ಎಂಜಿನ್ ಬೆಟ್ಟದಂತೆ ಗಂಭೀರವಾಗುತ್ತದೆ, ಆದರೆ ಮಾಡಿನ ಸಲಕರಣೆಗಳೆಲ್ಲ ಮರೆಯಾಗುತ್ತವೆ. ಗುಂಡಿ ಒತ್ತುವ ಮುನ್ನ ಮಾಡಿನ ಅಂಚಿನುದ್ದಕ್ಕೂ ಒಮ್ಮೆ ಕಣ್ಣಾಡಿಸಿ. ದೀಪದ ಕಂಬವೊಂದು ಎಂಜಿನ್ನಿನ ತಲೆಯಿಂದ ಕೊಂಬಿನಂತೆ ಎದ್ದಿರುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಹೋಗುತ್ತದೆ.

ಸಾಲಾಗಿ ನಿಂತ ಐದಾರು ಮೂತಿಗಳನ್ನು 200 ಮಿ.ಮೀ.ನಲ್ಲಿ ಒತ್ತೊತ್ತಾಗಿ ತೆಗೆಯುವುದು ಹಳೆಯ ತಂತ್ರ, ಈಗಲೂ ಚೆಂದ. ಆದರೆ ಚಾಲೂ ಇರುವ ಎಂಜಿನ್ನಿನ ಮೇಲಿನಿಂದ ಬಿಸಿಗಾಳಿ ಏಳುತ್ತಿರುತ್ತದೆ. ಅದರ ಮೂಲಕ ದೂರದ್ದನ್ನು ತೆಗೆದರೆ ಎಲ್ಲವೂ ನೀರಿನಡಿಯಲ್ಲಿದ್ದಂತೆ ನಡುಗುತ್ತದೆ, ಯಾವ ದುಬಾರಿ ಲೆನ್ಸೂ ಅದನ್ನು ಸರಿಪಡಿಸದು.

ಎಕ್ಸ್‌ಪೋಶರ್

ನಿಂತ ಎಂಜಿನ್ನಿಗೆ ಎಫ್ 8 (ಲೆನ್ಸಿನ ಕಿಂಡಿಯ ಅಳತೆ), ಐಎಸ್ಒ (ಬೆಳಕಿಗೆ ಸೆನ್ಸರಿನ ಸ್ಪಂದನೆ) 100 ಅಥವಾ 200, ಶಟರ್ ಎಷ್ಟು ಬರುತ್ತದೋ ಅಷ್ಟು. ರಾ ಕಡತದಲ್ಲಿ, ಅಂದರೆ ಕ್ಯಾಮೆರಾ ತಿದ್ದದೆ ಉಳಿಸುವ ಕಡತದಲ್ಲಿ ತೆಗೆಯಿರಿ. ಬೋಗಿಯ ಕಪ್ಪಿನಿಂದ ವಿವರ ಹೊರತೆಗೆಯಲು ಅದೇ ದಾರಿ. ಕ್ಯಾಮೆರಾದ ಬೆಳಕಿನ ಮೀಟರನ್ನು ಪೂರ್ತಿ ನಂಬಬೇಡಿ. ಅಮೆರಿಕದ ನಾರ್ಫೋಕ್ ಸದರ್ನ್ ರೈಲು ಕಂಪನಿಯ ಕಪ್ಪು ಎಂಜಿನ್ ಚೌಕಟ್ಟು ತುಂಬಿದರೆ ಕ್ಯಾಮೆರಾ ಅದನ್ನು ಬೂದುಬಣ್ಣಕ್ಕೆ ಎತ್ತುತ್ತದೆ, ಮೂರನೇ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧದಷ್ಟು). ಅಲ್ಲಿನದೇ ಯೂನಿಯನ್ ಪೆಸಿಫಿಕ್ ಕಂಪನಿಯ ಹಳದಿ ಎಂಜಿನ್ನನ್ನು ಅದೇ ಕ್ಯಾಮೆರಾ ಮಂಕಾಗಿಸುತ್ತದೆ. ಆಗ ಸ್ವಲ್ಪ ಏರಿಸಬೇಕು, ಆದರೆ ಹಿಸ್ಟೋಗ್ರಾಮಿನಲ್ಲಿ, ಅಂದರೆ ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆಯಲ್ಲಿ, ಕೆಂಪು ಬಣ್ಣದ ಗೆರೆಯ ಮೇಲೆ ಕಣ್ಣಿರಲಿ. ಹಳದಿ, ಕಿತ್ತಳೆ ಬಣ್ಣಗಳು ಮೊದಲು ಸುಟ್ಟುಹೋಗುವುದು ಅಲ್ಲೇ.

ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಬಣ್ಣದ ಮೇಲಿನ ಬಿಳಿ ಹೊಳಪನ್ನೂ ಕಿಟಕಿಯ ಪ್ರತಿಬಿಂಬವನ್ನೂ ತೆಗೆಯುತ್ತದೆ, ಬದಲಿಗೆ ಒಂದೆರಡು ಸ್ಟಾಪ್ ಬೆಳಕು ತಿನ್ನುತ್ತದೆ. ಅದನ್ನು ಪೂರ್ತಿ ತಿರುಗಿಸಿದರೆ ಎಂಜಿನ್ ಪ್ಲಾಸ್ಟಿಕ್ಕಿನ ಆಟಿಕೆಯಂತಾಗುತ್ತದೆ. ಅರ್ಧಕ್ಕೆ ನಿಲ್ಲಿಸಿ.

ಶೆಡ್ಡಿನ ಒಳಗೆ

ಬಾಗಿಲಲ್ಲಿ ಸುಡುವ ಬಿಸಿಲು, ಒಳಗೆ ಗುಹೆಯ ಕತ್ತಲು. ಬಾಗಿಲಿಗೆ ಬೆನ್ನು ಹಾಕಿ ನಿಲ್ಲುವುದು ಮೊದಲ ಉಪಾಯ; ಆಗ ಆ ಬಾಗಿಲೇ ದೊಡ್ಡ ಮೃದು ದೀಪ. ಬಾಗಿಲು ಚಿತ್ರದಲ್ಲಿ ಬರಲೇಬೇಕಿದ್ದರೆ ಟ್ರೈಪಾಡ್ ಮೇಲೆ ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಚಿತ್ರ ತೆಗೆದು ಬೆರೆಸಿ.

ದೀಪಗಳ ಮಿನುಗು ಇನ್ನೊಂದು ಕಾಟ. ಟ್ಯೂಬ್‌ಲೈಟುಗಳೂ ಕೆಲವು ಎಲ್‌ಇಡಿಗಳೂ ವಿದ್ಯುತ್ತಿನ ಆವರ್ತನದ ಎರಡರಷ್ಟು ವೇಗದಲ್ಲಿ ಮಿನುಗುತ್ತವೆ. ಶಟರ್ ವೇಗ ಹೆಚ್ಚಿದ್ದರೆ ಚಿತ್ರದಲ್ಲಿ ಪಟ್ಟಿಗಳು ಮೂಡುತ್ತವೆ. 50 ಹರ್ಟ್ಜ್ ಇರುವಲ್ಲಿ 1/50 ಅಥವಾ 1/100, 60 ಹರ್ಟ್ಜ್ ಇರುವಲ್ಲಿ 1/60 ಸೆಕೆಂಡು ಇಡಿ.

ಒಳಗೆ ಇಡೀ ಎಂಜಿನ್ನಿನ ಆಸೆ ಬಿಡಿ. ಇಲ್ಲಿ ಅದು ಬಿಚ್ಚಿಟ್ಟ ದೇಹ, ಬಿಚ್ಚಿದ್ದನ್ನೇ ತೆಗೆಯಿರಿ. ಕ್ರೇನಿನಲ್ಲಿ ತೂಗುತ್ತಿರುವ ಸಿಲಿಂಡರ್ ಲೈನರ್. ಮೈಯನ್ನು ಜಾಕುಗಳ ಮೇಲೆ ಎತ್ತಿ ಹೊರಗೆಳೆದ ಬೋಗಿ. ಇಷ್ಟು ದಿನ ಇಣುಕಿ ನೋಡಬೇಕಿದ್ದ ಮೋಟಾರು, ಹಲ್ಲುಗಾಲಿ ಈಗ ಬಯಲಿನಲ್ಲಿವೆ. ಲೇತಿನಲ್ಲಿ ಗಾಲಿಯ ಸವೆದ ಅಂಚನ್ನು ಕೊರೆಯುವಾಗ ಸುರುಳಿಯಾಗಿ ಏಳುವ ಉಕ್ಕಿನ ತೊಗಟೆ, ಅದಕ್ಕೆ 1/250 ಸಾಕು. ತಯಾರಕರ ಫಲಕ, ನಂಬರ್ ಪೆಟ್ಟಿಗೆ, ಕೈಗಂಬಿಯಲ್ಲಿ ಸವೆದ ಬಣ್ಣ. ಬ್ರೇಕ್ ಹೋಸುಗಳ ಮೇಲೆ ಸೀಮೆಸುಣ್ಣದಲ್ಲಿ ಯಾರೋ ಬರೆದ ದಿನಾಂಕ.

ಎಣ್ಣೆ ಹಿಡಿದ ಕಪ್ಪು ಲೋಹಕ್ಕೆ ನೇರ ಫ್ಲಾಶ್ ಹೊಡೆದರೆ ಒಂದು ಬಿಳಿ ಚುಕ್ಕೆ ಬಿಟ್ಟು ಏನೂ ಸಿಗುವುದಿಲ್ಲ. ಕೆಲಸಗಾರರ ಜಾಕೆಟ್ಟಿನ ಪಟ್ಟಿಗಳು ಬೇರೆ ಬೆಂಕಿಯಂತೆ ಹೊಳೆಯುತ್ತವೆ. ಪಕ್ಕದಿಂದ ಹಿಡಿದ ಒಂದು ಸಣ್ಣ ಎಲ್‌ಇಡಿ ದೀಪ ಅದಕ್ಕಿಂತ ಎಷ್ಟೋ ಮೇಲು.

ಲೋಡ್ ಟೆಸ್ಟ್ ಮತ್ತು ಚಲನೆ

ದುರಸ್ತಿಯ ನಂತರ ಎಂಜಿನ್ನನ್ನು ನಿಂತಲ್ಲೇ ಪೂರ್ಣ ಶಕ್ತಿಯಲ್ಲಿ ಓಡಿಸಿ ನೋಡುತ್ತಾರೆ. ಉತ್ಪಾದಿಸಿದ ವಿದ್ಯುತ್ತನ್ನು ಹೊರಗಿನ ಲೋಡ್ ಬಾಕ್ಸಿಗೆ, ಕೆಲವು ಎಂಜಿನ್ನುಗಳಲ್ಲಿ ಅವುಗಳದೇ ಡೈನಾಮಿಕ್ ಬ್ರೇಕಿನ (ಮೋಟಾರುಗಳಿಂದಲೇ ವೇಗ ತಗ್ಗಿಸುವ ಬ್ರೇಕಿನ) ಗ್ರಿಡ್ಡುಗಳಿಗೆ ಹರಿಸಿ ಶಾಖವಾಗಿ ಕಳೆಯುತ್ತಾರೆ. ಶಕ್ತಿ ಏರಿಸುವ ಹಿಡಿ, ಥ್ರಾಟಲ್, ಒಂದೊಂದೇ ಹಂತ (ನಾಚ್) ಏರಿ ಕೊನೆಯ ಎಂಟಕ್ಕೆ ಮುಟ್ಟಿದಾಗ ಎದೆಗೂಡು ಕಂಪಿಸುತ್ತದೆ. ಅಂಥ ಸದ್ದು ಬೇರೆಲ್ಲೂ ಕೇಳಿಲ್ಲ. ಕಿವಿಯ ಮುಚ್ಚಳ ಇಲ್ಲದೆ ಕೇಳಲೂಬಾರದು.

ಆಲ್ಕೋ ಎಂಜಿನ್ನಾದರೆ ನಾಚ್ ಏರಿಸಿದ ಮೊದಲ ಕೆಲವು ಸೆಕೆಂಡುಗಳೇ ನಿಮ್ಮ ಚಿತ್ರ. ಇಂಧನ ಒಮ್ಮೆಗೇ ಹೆಚ್ಚುತ್ತದೆ, ಯಂತ್ರಕ್ಕೆ ಗಾಳಿ ತುಂಬುವ ಟರ್ಬೊ ವೇಗ ಹಿಡಿಯುವುದು ಆಮೇಲೆ. ಆ ನಡುವೆ ಗಾಳಿ ಸಾಲದೆ ಕಪ್ಪು ಹೊಗೆ ಕಂಬದಂತೆ ಏಳುತ್ತದೆ. ಇಎಂಡಿಯ ಟರ್ಬೊ ಕಡಿಮೆ ವೇಗದಲ್ಲಿ ಗೇರಿನ ಮೂಲಕ ಯಂತ್ರದಿಂದಲೇ ತಿರುಗುವುದರಿಂದ ಅಲ್ಲಿ ಅಂಥ ನಾಟಕ ಕಡಿಮೆ. ಹೊಗೆ ಕಾಣಬೇಕಾದರೆ ಅದರ ಹಿಂದೆ ತಿಳಿಯಾದ ಆಕಾಶವಿರಬೇಕು, ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಬೇಕು, 1/500 ಇಡಬೇಕು. ಗಾಳಿ ನಿಮ್ಮ ಕಡೆಗೆ ಬೀಸುತ್ತಿದ್ದರೆ ಆ ದಿನ ಬಿಟ್ಟುಬಿಡಿ.

ಶಂಟಿಂಗ್‌ನಲ್ಲಿ ಎಂಜಿನ್ ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ ಮೂರು ಮೀಟರಿಗಿಂತ ಕಡಿಮೆ, ತೆವಳುತ್ತದೆ. 1/500ರಲ್ಲಿ ತೆಗೆದರೆ ನಿಂತಂತೆಯೇ ಕಾಣುತ್ತದೆ. 1/15ಕ್ಕೆ ಇಳಿಸಿ ಕ್ಯಾಮೆರಾವನ್ನು ಎಂಜಿನ್ನಿನೊಂದಿಗೆ ಮೆಲ್ಲನೆ ತಿರುಗಿಸಿ. ಹಿನ್ನೆಲೆ ಗೆರೆಗಳಾಗುತ್ತದೆ, ಗಾಲಿಯ ಸುತ್ತು ತುಸು ಮಸುಕಾಗುತ್ತದೆ. ಮೊದಲ ಇಪ್ಪತ್ತು ಚಿತ್ರ ಕೆಡುತ್ತವೆ. ಕೆಡಲಿ.

ಕತ್ತಲಾದ ಮೇಲೆ

ಸೂರ್ಯ ಮುಳುಗಿದ ಮೇಲಿನ ಅರ್ಧ ಗಂಟೆ ಆಕಾಶ ಗಾಢ ನೀಲಿಯಾಗಿ ಯಾರ್ಡಿನ ದೀಪಗಳಿಗೆ ಸರಿಸಮವಾಗುತ್ತದೆ. ಟ್ರೈಪಾಡ್, ಐಎಸ್ಒ 100, ಎಫ್ 8, ಹತ್ತರಿಂದ ಮೂವತ್ತು ಸೆಕೆಂಡು. ಸೋಡಿಯಂ ದೀಪಗಳಾದರೆ ಬಣ್ಣದ ತಾಪ ಸುಮಾರು 2100 ಕೆಲ್ವಿನ್. ಆ ಹಳದಿಯನ್ನು ಪೂರ್ತಿ ತೊಳೆಯಲು ಹೋದರೆ ಆಕಾಶ ವಿಕಾರ ನೀಲಿಯಾಗುತ್ತದೆ. ಚಾಲೂ ಎಂಜಿನ್ನು ಮೂವತ್ತು ಸೆಕೆಂಡು ಕಂಪಿಸುತ್ತಿರುತ್ತದೆ, ನೆಲವೂ ಜೊತೆಗೆ. ಆದ್ದರಿಂದ ನಿಲ್ಲಿಸಿದ ಎಂಜಿನ್ನನ್ನೇ ಆರಿಸಿ. ಬೋಗಿಯ ಮೇಲೆ ಟಾರ್ಚನ್ನು ಮೆಲ್ಲನೆ ಆಡಿಸಿ ಬೆಳಕು ಬಳಿಯಬಹುದು, ಒಪ್ಪಿಗೆ ಪಡೆದು, ಕ್ಯಾಬಿನ ಕಡೆಗೂ ಸಿಗ್ನಲ್ಲಿನ ಕಡೆಗೂ ತಿರುಗಿಸದೆ. ಹಗಲಿಡೀ ಸಿಗದ ಗಾಲಿ ರಾತ್ರಿ ಒಂದು ಟಾರ್ಚಿಗೆ ಸಿಕ್ಕಿಬಿಡುತ್ತದೆ.

ಜನ, ಮತ್ತು ಮನೆಗೆ ಬಂದ ಮೇಲೆ

ಕೆಲಸಗಾರರನ್ನು ಕೇಳಿಯೇ ತೆಗೆಯಿರಿ. ಯಾರಾದರೂ ಹೆಲ್ಮೆಟ್ ಕಳಚಿದ್ದರೆ, ಕನ್ನಡಕ ಹಣೆಗೇರಿಸಿದ್ದರೆ ಆ ಚಿತ್ರ ಎಷ್ಟು ಸಹಜವಾಗಿದ್ದರೂ ಪ್ರಕಟಿಸಬೇಡಿ. ನಿಮಗೆ ಸಿಗುವುದು ಮೆಚ್ಚುಗೆ, ಅವರಿಗೆ ಸಿಗುವುದು ನೋಟಿಸು. ಚಿತ್ರದ ಮೂಲೆಯಲ್ಲಿ ಕೆಲಸದ ಪಟ್ಟಿಯೋ ಫೋನ್ ನಂಬರೋ ಬಂದಿದೆಯೇ ಎಂದೂ ನೋಡಿ.

ತಿದ್ದುವಾಗ ಮೊದಲು ಎಂಜಿನ್ನಿನ ಮೂಲೆಯ ಲಂಬಗೆರೆಯನ್ನು ನೇರ ಮಾಡಿ. ಆಮೇಲೆ ನೆರಳನ್ನು ಬೋಗಿಯ ಭಾಗದಲ್ಲಿ ಮಾತ್ರ ಎತ್ತಿ, ಅದೂ ಗಾಲಿಯ ಅಂಚು ಓದುವಷ್ಟು. ಅದಕ್ಕಿಂತ ಹೆಚ್ಚಾದರೆ ಕಪ್ಪೆಲ್ಲ ಬೂದಿಯಾಗುತ್ತದೆ. ಪ್ರತಿ ಕಡತದ ಜೊತೆ ಎಂಜಿನ್ ಸಂಖ್ಯೆ, ಮಾದರಿ, ದಿನಾಂಕ, ಶೆಡ್ಡು, ಅಂದು ನಡೆಯುತ್ತಿದ್ದ ಕೆಲಸ ಇವಿಷ್ಟನ್ನು ಅದೇ ರಾತ್ರಿ ಬರೆದಿಡಿ. ಒಂದೇ ಬಣ್ಣದ ನಲವತ್ತು ಎಂಜಿನ್ನುಗಳಲ್ಲಿ ಯಾವುದರ ಬೋಗಿ ಹೊರಗಿತ್ತು ಎಂಬುದು ವಾರದ ನಂತರ ನೆನಪಿರುವುದಿಲ್ಲ. ಒಳ್ಳೆಯ ಮೂರ್ನಾಲ್ಕನ್ನು ಮುದ್ರಿಸಿ ಶೆಡ್ಡಿಗೆ ಕಳುಹಿಸಿ, ಅದರಲ್ಲಿ ಒಂದಾದರೂ ‘ಅರ್ಧ ಗಂಟೆ ಕಾಯಿರಿ’ ಎಂದ ಫಿಟ್ಟರ್‌ನದಾಗಿರಲಿ.